ಕಳಿಸದೆ ಉಳಿದ ಹಳದಿ ಹಾಳೆ

ಮರೆತದ್ದೋ, ಬಿಟ್ಟದ್ದೋ?

ಸೋಮವಾರ ಮಧ್ಯಾಹ್ನದಿಂದ ಈ ಒಂದು ಪ್ರಶ್ನೆ ಅವಳ ತಲೆಯೊಳಗೆ ನೊಣದ ಹಾಗೆ ಸುತ್ತುತ್ತಿತ್ತು. ಓಡಿಸಿದರೆ ಹೋಗದು, ಹಿಡಿಯಹೋದರೆ ಸಿಗದು. ಮಗಳಿಗೆ ಹಲ್ಲುಜ್ಜಿಸುವಾಗ ಬಂತು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಬಂತು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರನೇ ಸಲ ಅಡುಗೆಮನೆಗೆ ಹೋಗಿ ಒಲೆಯ ಗುಂಡಿ ಮುಟ್ಟಿ ನೋಡುವಾಗಲೂ ಬಂತು. ಗ್ಯಾಸಿನ ಮಾತಾದರೆ ಗುಂಡಿ ಮುಟ್ಟಿದರೆ ಉತ್ತರ ಸಿಗುತ್ತದೆ. ಇದಕ್ಕೆ ಮುಟ್ಟಿ ನೋಡಲು ಏನೂ ಇರಲಿಲ್ಲ.

ವಿಷಯ ಇಷ್ಟೇ, ಒಂದು ಹಾಳೆ. ಹಳದಿ ಬಣ್ಣದ್ದು, ಹನ್ನೊಂದು ಸಾಲಿನದು. ಅದನ್ನು ಅವಳು ಟೈಪು ಮಾಡಿದ್ದಳು, ಕಳಿಸಿರಲಿಲ್ಲ. ಅದು ಹೋಗದೆ ಇದ್ದದ್ದರಿಂದ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಒಬ್ಬ ಹೆಂಗಸು ಜೈಲಿಗೆ ಹೋಗುವ ಹಾಗಿತ್ತು.

ಅವಳ ಕೆಲಸ ಪ್ರಾಸಿಕ್ಯೂಟರುಗಳ ತರಬೇತಿ ಮತ್ತು ಸಂಶೋಧನಾ ಕೇಂದ್ರದಲ್ಲಿ. ಹೆಸರಿಗೆ ಇಷ್ಟುದ್ದ, ಇದ್ದದ್ದು ಮಾತ್ರ ಹಳೆಯ ಸರ್ಕಾರಿ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಮೂರು ಕೋಣೆ. ಒಂದರಲ್ಲಿ ನಿರ್ದೇಶಕರು, ಒಂದರಲ್ಲಿ ತರಬೇತಿಯ ಕುರ್ಚಿಗಳು, ಮೂರನೆಯದರಲ್ಲಿ ಪುಸ್ತಕದ ಬೀರುಗಳ ಸಂದಿಯಲ್ಲಿ ಅವಳು. ಸಣ್ಣ ಕೋರ್ಟುಗಳಲ್ಲಿ ಸರ್ಕಾರದ ಪರ ವಾದಿಸುವ ಪ್ರಾಸಿಕ್ಯೂಟರುಗಳ ಕೈಯಲ್ಲಿ ದಿನಕ್ಕೆ ಮೂವತ್ತು ನಲವತ್ತು ಕೇಸು ಇರುತ್ತವೆ. ಕೂತು ಓದುವ ಪುರಸೊತ್ತು ಯಾರಿಗೂ ಇಲ್ಲ. ಅವರು ಒಂದು ಚೀಟಿಯಲ್ಲಿ ಪ್ರಶ್ನೆ ಗೀಚಿ ಕಳಿಸುತ್ತಾರೆ. ಅವಳು ಮೇಲಿನ ಕೋರ್ಟುಗಳ ಹಳೆಯ ತೀರ್ಪುಗಳನ್ನೆಲ್ಲ ಜಾಲಾಡಿ ಉತ್ತರ ಬರೆದುಕೊಡುತ್ತಾಳೆ. ಶನಿವಾರ ಅವರನ್ನೇ ಕೂರಿಸಿ ಪಾಠ. ಪಾಠ ಎಂದರೆ ಅವರು ಆಕಳಿಸುವುದು, ಇವಳು ಹೇಳುವುದು.

ಅವಳೂ ಕಪ್ಪು ಕೋಟು ಹಾಕಿದವಳೇ. ಕಾನೂನು ಕಾಲೇಜಿನಲ್ಲಿ ಮೊದಲ ಮೂವರಲ್ಲಿ ಒಬ್ಬಳು. ಆದರೆ ಕೋರ್ಟಿನಲ್ಲಿ ಎದ್ದು ನಿಂತ ಮೊದಲ ದಿನವೇ ನಾಲಿಗೆ ಕೈಕೊಟ್ಟಿತು. ಕೇಳಬೇಕಾದದ್ದು ಬರೀ ಒಂದು ಮುಂದಿನ ತಾರೀಖು. 'ತಾ' ಎಂಬಲ್ಲಿ ಸಿಕ್ಕಿಕೊಂಡದ್ದು ಮುಂದಕ್ಕೆ ಸರಿಯಲೇ ಇಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ನೋಡಿದರು, ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು, ಕೊನೆಗೆ ಅವಳ ಸೀನಿಯರು ಕೋಟಿನ ತುದಿ ಹಿಡಿದೆಳೆದು ಕೂರಿಸಿದರು. ಅವತ್ತಿನಿಂದ ಅವಳು ಕಾಗದದ ಹಿಂದೆ ಅವಿತುಕೊಂಡವಳು. ಬರೆದರೆ ತೊದಲುವುದಿಲ್ಲ. ಫೋನು ಕಂಡರೆ ಮಾತ್ರ ಇವತ್ತಿಗೂ ಅಂಗೈ ಬೆವರುತ್ತದೆ; ಮುಖ ಕಾಣದ ಕಡೆ ಮಾತು ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

ಹಳದಿ ಹಾಳೆಯ ಪದ್ಧತಿ ತಂದವರು ಕೇಂದ್ರವನ್ನು ಕಟ್ಟಿದ ಹಿರಿಯ ಮೇಡಂ. ಈಗ ನಿವೃತ್ತರು. ಸರ್ಕಾರದ ಕಡೆಗೆ ಅನುಕೂಲವಾದ ತೀರ್ಪುಗಳು ಬಿಳಿ ಹಾಳೆಯಲ್ಲಿ, ವಿರುದ್ಧವಾದವು ಹಳದಿ ಹಾಳೆಯಲ್ಲಿ, ಎರಡೂ ಒಂದೇ ಲಕೋಟೆಯಲ್ಲಿ. "ಸರ್ಕಾರದ ಪರ ನಿಂತವನು ಗೆಲ್ಲಲೇಬೇಕು ಅಂತೇನಿಲ್ಲಮ್ಮ, ಆದ್ರೆ ಜಡ್ಜಿಂದ ಏನನ್ನೂ ಬಚ್ಚಿಡಬಾರದು," ಎಂದು ಅವರು ಅವಳಿಗೆ ಮೊದಲ ವಾರವೇ ಹೇಳಿದ್ದರು. ವಿರುದ್ಧವಾದದ್ದು ಏನೂ ಸಿಗದಿದ್ದರೆ ಹಳದಿ ಹಾಳೆ ಇರುವುದಿಲ್ಲ. 'ಏನೂ ಇಲ್ಲ' ಎಂದು ಬರೆದು ಕಳಿಸುವ ರೂಢಿ ಇರಲಿಲ್ಲ. ಹಾಳೆ ಇಲ್ಲದಿರುವುದೇ ಆ ಮಾತು. ಲಕೋಟೆ ಒಡೆದು, ಒಳಗೆ ಹಳದಿ ಕಾಣದಿದ್ದರೆ ಪ್ರಾಸಿಕ್ಯೂಟರು ನಿಶ್ಚಿಂತೆಯಿಂದ ಕೋರ್ಟಿಗೆ ಹೋಗುತ್ತಿದ್ದರು. ಇಷ್ಟು ವರ್ಷ ಇದರಲ್ಲಿ ಒಂದು ತೂತಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಕೊನೆಯ ಪಕ್ಷ ಅವಳಿಗೆ ಹೊಳೆಯಬೇಕಿತ್ತು. ಇಲ್ಲದ ತೂತುಗಳನ್ನೂ ಹುಡುಕಿಕೊಂಡು ಚಿಂತೆ ಮಾಡುವವಳು ಅವಳು.

ಈ ಹಾಳೆಯಿಂದಲೇ ಅವಳಿಗೆ ಅಡ್ಡಹೆಸರೂ ಬಂದಿತ್ತು. "ಬಂತಪ್ಪ ಹಳದಿ ಹಾಳೆ," ಎನ್ನುತ್ತಿದ್ದರು, ಅವಳು ಕಾರಿಡಾರಿನಲ್ಲಿ ಬಂದರೆ. ಹೆಸರಿಟ್ಟವರು ಗುಡುಗು ಸಾಹೇಬರು. ಅದೂ ಅಡ್ಡಹೆಸರೇ. ಎರಡು ಬೀದಿಯಾಚೆಯ ಕೋರ್ಟಿನ ಪ್ರಾಸಿಕ್ಯೂಟರು, ಇಪ್ಪತ್ತಾರು ವರ್ಷದ ಅನುಭವಸ್ಥರು. ಮೈಕು ಬೇಡದ ಗಂಟಲು. ಅವರಿಗೆ ಕೇಂದ್ರವನ್ನು ಕಂಡರೆ ಆಗುತ್ತಿರಲಿಲ್ಲ, ಅವಳನ್ನು ಕಂಡರಂತೂ ಮೈ ಉರಿಯುತ್ತಿತ್ತು. ಕೇಂದ್ರವನ್ನೇ ಮುಚ್ಚಿಸಬೇಕೆಂದು ಪ್ರಾಸಿಕ್ಯೂಟರುಗಳ ಸಂಘದಿಂದ ಪತ್ರ ಬರೆಸಿದವರೂ ಅವರೇ.

ಎರಡು ತಿಂಗಳ ಹಿಂದಿನ ಒಂದು ಶನಿವಾರ, ವಿರುದ್ಧ ತೀರ್ಪುಗಳನ್ನು ಕೋರ್ಟಿನ ಮುಂದೆ ಇಡುವುದು ಹೇಗೆ ಎಂಬ ಪಾಠ. ಅವರು ಮುಂದಿನ ಸಾಲಿನಲ್ಲೇ ಕೂತು, ಅವಳು ಹಂಚಿದ ಮಾದರಿ ಹಳದಿ ಹಾಳೆಯನ್ನು ಮಡಿಸಿ ಟೀ ಲೋಟದ ಕೆಳಗಿಟ್ಟುಕೊಂಡಿದ್ದರು.

"ಒಂದು ಡೌಟು ಮೇಡಂ," ಎಂದರು. "ಎದುರು ಪಾರ್ಟಿಗೆ ಬೇಕಾಗಿದ್ದನ್ನ ನಾವೇ ಹುಡುಕಿ ಕೊಟ್ಬಿಟ್ರೆ, ಸಂಬಳ ಅವರ ಹತ್ರ ತಗೋಬೇಕಾ, ಸರ್ಕಾರದ ಹತ್ರ ತಗೋಬೇಕಾ?"

ಕೋಣೆ ನಕ್ಕಿತು.

"ಅದು ನ... ನಮ್ಮ ಕರ್ತವ್ಯ ಸರ್."

"ಕರ್ತವ್ಯ ಸರಿ. ನೀವು ಕೋರ್ಟಲ್ಲಿ ಎಷ್ಟು ದಿನ ನಿಂತಿದ್ರಿ?" ಎಂದು ಕೇಳಿ, ಅವಳು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಕೊಟ್ಟರು. "ಒಂದು ದಿನ ಅಂತ ಕೇಳಿದೆ. ಅದೂ ಪೂರ್ತಿ ಅಲ್ವಂತೆ."

ಆ ನಗು ಅವಳ ಜೊತೆ ಮನೆಯವರೆಗೂ ಬಂತು. ಆ ಮನುಷ್ಯ ಒಂದಲ್ಲ ಒಂದು ದಿನ ತುಂಬಿದ ಕೋರ್ಟಿನಲ್ಲಿ ಮುಗ್ಗರಿಸಿ ಬೀಳಲಿ ಎಂದು ಅವಳು ಬಸ್ಸಿನಲ್ಲಿ ನಿಂತೇ ಶಪಿಸಿದಳು. ಸ್ಪಷ್ಟವಾಗಿ, ಒಂದು ಅಕ್ಷರವೂ ತೊದಲದೆ.

ಅಂಥವರಿಂದ ಹದಿನೈದು ದಿನದ ಹಿಂದೆ ಒಂದು ಚೀಟಿ ಬಂತು. ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಂದು ಶಿಶುವಿಹಾರದ ಆಯಾ ಎರಡು ವರ್ಷದ ಮಗುವನ್ನು ಮೇಜಿನಿಂದ ದಬ್ಬಿ ಕೈ ಮುರಿದಳು ಎಂಬ ಕೇಸು. ಕಣ್ಣಾರೆ ಕಂಡವರು ಯಾರೂ ಇಲ್ಲ. ಗೋಡೆಯ ಕ್ಯಾಮೆರಾದ ನಲವತ್ತು ಸೆಕೆಂಡಿನ ವಿಡಿಯೋ ಒಂದಿದೆ. ಅದನ್ನು ಶಿಶುವಿಹಾರದ ಮಾಲೀಕನೇ ಪೆನ್‌ಡ್ರೈವಿಗೆ ಹಾಕಿ ಪೊಲೀಸರಿಗೆ ಕೊಟ್ಟಿದ್ದಾನೆ. ಕ್ಯಾಮೆರಾ ಕಂಡದ್ದೆಲ್ಲ ದಾಖಲಾಗುವ ಮೂಲ ಪೆಟ್ಟಿಗೆ ಕೆಟ್ಟುಹೋಯಿತಂತೆ. ಇಂಥ ವಿಡಿಯೋ ಸಾಕ್ಷಿಯಾಗಿ ನಿಲ್ಲುತ್ತದೆಯೇ ಎಂಬುದು ಪ್ರಶ್ನೆ. ಚೀಟಿಯ ಜೊತೆ ವಿಡಿಯೋದ ಪ್ರತಿಯೂ ಇತ್ತು.

ಅವಳು ಅದನ್ನು ಒಂದು ಸಲ ನೋಡಿದರೆ ಸಾಕಾಗಿತ್ತು. ಒಂಬತ್ತು ಸಲ ನೋಡಿದಳು. ಆಯಾಳ ಕೈ ಮಗುವಿನ ತೋಳಿನ ಮೇಲಿದೆ, ಮಗು ಮೇಜಿನ ಅಂಚಿನಲ್ಲಿದೆ, ಮರುಗಳಿಗೆ ಕೆಳಗಿದೆ. ಅವಳ ಮಗಳಿಗೂ ಎರಡೂವರೆ ವರ್ಷ. ಅವಳೂ ದಿನಾ ಬೆಳಗ್ಗೆ ಎಂಟೂವರೆಗೆ ಮಗಳನ್ನು ಇಂಥದೇ ಒಂದು ಶಿಶುವಿಹಾರದಲ್ಲಿ ಇಂಥದೇ ಒಬ್ಬ ಆಯಾಳ ಕೈಗೆ ಕೊಟ್ಟು ಹಿಂತಿರುಗಿ ನೋಡದೆ ಓಡುವವಳು. ನೋಡಿದರೆ ಮಗು ಅಳುತ್ತದೆ. ಒಂಬತ್ತನೇ ಸಲ ನೋಡುವ ಹೊತ್ತಿಗೆ, ಕೈಗೆ ಸಿಕ್ಕಿದರೆ ಆ ಹೆಂಗಸಿನ ಕೈಯನ್ನೇ ಮುರಿಯಬೇಕು ಅನ್ನಿಸಿತ್ತು.

ಆದರೂ ಹುಡುಕಿದಳು, ಹುಡುಕುವುದು ಅಭ್ಯಾಸವಾಗಿತ್ತು. ಅನುಕೂಲವಾದ ತೀರ್ಪುಗಳು ನಾಲ್ಕು ಸಿಕ್ಕವು. ಮೂರನೇ ದಿನ ಐದನೆಯದು ಸಿಕ್ಕಿತು, ಅದು ವಿರುದ್ಧ. ಮೇಲಿನ ಕೋರ್ಟಿನ ಮೂವರು ನ್ಯಾಯಾಧೀಶರು ಸೇರಿ ಬರೆದದ್ದು: ಕೇಸಿನಲ್ಲಿ ತನ್ನ ಹಿತವೂ ಅಡಗಿರುವ ವ್ಯಕ್ತಿ ವಿಡಿಯೋವನ್ನು ತಾನೇ ಕತ್ತರಿಸಿ ಕೊಟ್ಟಿದ್ದು, ಮೂಲ ಇಲ್ಲವಾದರೆ, ಅದೊಂದರ ಮೇಲೆಯೇ ಯಾರನ್ನೂ ಶಿಕ್ಷಿಸಬಾರದು. ನಲವತ್ತು ಸೆಕೆಂಡಿನ ಹಿಂದೆ ಏನಿತ್ತು? ಮಗು ಆಗಲೇ ಜಾರುತ್ತಿತ್ತೋ, ಆಯಾ ಹಿಡಿಯಲು ಬಂದಳೋ? ಮೇಜೇ ಅಲುಗಾಡುತ್ತಿತ್ತೋ, ಅದನ್ನು ರಿಪೇರಿ ಮಾಡಿಸದ ತಪ್ಪನ್ನು ಮಾಲೀಕ ಮುಚ್ಚಿಕೊಂಡನೋ? ವಿಡಿಯೋದಲ್ಲಿ ಅದಿಲ್ಲ. ಈ ತೀರ್ಪು ಕೇಸಿನ ಬೆನ್ನುಮೂಳೆಯನ್ನೇ ಮುರಿಯುವಂಥದು. ಅವಳು ಹಲ್ಲು ಕಚ್ಚಿಕೊಂಡು ಹನ್ನೊಂದು ಸಾಲು ಟೈಪು ಮಾಡಿದಳು.

ಬಿಳಿ ಹಾಳೆಗಳು ಮುದ್ರಣವಾಗಿ ಲಕೋಟೆ ಸೇರಿದವು. ಹಳದಿಗೆ ಪ್ರಿಂಟರಿನ ಕಾಗದ ಬದಲಿಸಬೇಕು. ಅವಳು ಬೀರುವಿನಿಂದ ಹಳದಿ ಕಟ್ಟು ತೆಗೆದು ಪ್ರಿಂಟರಿನ ಮೇಲಿಟ್ಟಳು, ಅಷ್ಟರಲ್ಲಿ ಫೋನು. ಮಗಳಿಗೆ ಜ್ವರ, ಕೂಡಲೇ ಬನ್ನಿ. ಲಕೋಟೆಯನ್ನು ಜವಾನರ ಕೈಗೆ ತುರುಕಿ ನಾಲ್ಕು ಮಹಡಿ ಇಳಿದು ಓಡಿದಳು. ಇಲ್ಲಿಯವರೆಗೆ ಮರೆವು, ಯಾವ ತಾಯಿಯೂ ಮರೆಯುತ್ತಾಳೆ.

ತೊಡಕಿದ್ದದ್ದು ಮುಂದಿನದರಲ್ಲಿ. ಮೂರು ದಿನ ಬಿಟ್ಟು ಕೆಲಸಕ್ಕೆ ಬಂದಾಗ ಹಳದಿ ಕಟ್ಟು ಪ್ರಿಂಟರಿನ ಮೇಲೆಯೇ ಇತ್ತು. ಅವಳು ಅದನ್ನು ಎತ್ತಿ ಬೀರುವಿನಲ್ಲಿ ವಾಪಸ್ಸು ಇಟ್ಟು, ಬಾಗಿಲು ಹಾಕಿದಳು. ಆ ಗಳಿಗೆಯಲ್ಲಿ ಅವಳಿಗೆ ನೆನಪಾಗಿತ್ತೇ? ಕಟ್ಟಿನ ತೂಕ ನೆನಪಿದೆ, ಬೀರುವಿನ ಬಾಗಿಲು ಕಿರುಗುಟ್ಟಿದ್ದು ನೆನಪಿದೆ. ಮನಸ್ಸಿನಲ್ಲಿ ಏನಿತ್ತು ಎಂಬುದು ಮಾತ್ರ ಎಷ್ಟು ಕೆದಕಿದರೂ ಸಿಗದು.

ಸೋಮವಾರ ಹೊಸದಾಗಿ ನೇಮಕವಾದ ಆರು ಜನ ಪ್ರಾಸಿಕ್ಯೂಟರುಗಳನ್ನು ವಾದ ತೋರಿಸಲು ಕರೆದುಕೊಂಡು ಹೋಗುವ ಪಾಳಿ ಅವಳದು. ಅದೇ ಕೋರ್ಟು, ಅದೇ ಕೇಸು. ಆಯಾ ಕಟಕಟೆಯಲ್ಲಿ ತನ್ನ ಕೈಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಿಂತಿದ್ದಳು, ಬಸ್ಸಿನಲ್ಲಿ ಕಳ್ಳರ ಭಯವಿದ್ದವಳ ಹಾಗೆ. ಐವತ್ತರ ಹತ್ತಿರದ ವಯಸ್ಸು. ಅವಳಿಗೆ ಸರ್ಕಾರದಿಂದಲೇ ಕೊಟ್ಟಿದ್ದ ವಕೀಲ ಇನ್ನೊಂದು ಕೇಸಿನ ಫೈಲು ತಿರುವುತ್ತಿದ್ದ.

"ಈ ವಿಡಿಯೋವನ್ನು ನಂಬಬಾರದು ಅಂತ ಹೇಳೋ ತೀರ್ಪು ಯಾವುದಾದರೂ ಇದೆಯೇನ್ರೀ?" ಎಂದು ನ್ಯಾಯಾಧೀಶರು ಕೇಳಿದರು.

"ಒಂದೂ ಇಲ್ಲ ಸ್ವಾಮಿ," ಎಂದು ಗುಡುಗು ಸಾಹೇಬರು ಗುಡುಗಿದರು. "ನಮ್ಮ ಸಂಶೋಧನಾ ಕೇಂದ್ರದವರು ಪೂರ್ತಿ ಹುಡುಕಿದ್ದಾರೆ. ವಿರುದ್ಧವಾದದ್ದು ಏನೂ ಸಿಕ್ಕಿಲ್ಲ."

ನ್ಯಾಯಾಧೀಶರು ಅದನ್ನು ಬರೆದುಕೊಂಡರು. ತೀರ್ಪು ಶುಕ್ರವಾರ, ಹನ್ನೊಂದು ಗಂಟೆಗೆ. ಜೀವಮಾನದಲ್ಲಿ ಮೊದಲ ಸಲ ಆ ಮನುಷ್ಯ ಅವಳ ಕೆಲಸವನ್ನು ನಂಬಿ ಎದ್ದು ನಿಂತಿದ್ದರು. ಹಿಂದಿನ ಬೆಂಚಿನಲ್ಲಿ ಅವಳು ಶುಕ್ರವಾರಕ್ಕೆ ಇನ್ನೆಷ್ಟು ದಿನ ಎಂದು ಬೆರಳೆಣಿಸಿದಳು.

ಮಂಗಳವಾರ ನಿರ್ದೇಶಕರ ಕೋಣೆಗೆ ಹೋಗಿ ವಿಷಯ ಹೇಳಿದಳು. ಕೂತ್ಕೊಳ್ಳಿ ಎನ್ನಲಿಲ್ಲ ಅವರು.

"ಪ್ರಾಸಿಕ್ಯೂಟರು ಕೇಳಿದ್ದಕ್ಕೆ ನೀವು ಉತ್ತರ ಕೊಟ್ರಲ್ಲ?"

"ನಾಲ್ಕು ತೀರ್ಪು ಕೊಟ್ಟೆ ಸರ್. ಆದ್ರೆ ಹ... ಹಳದಿ ಹಾಳೆ ಹೋಗಿಲ್ಲ. ಅವರು ಕೋರ್ಟಲ್ಲಿ ಏನೂ ಇಲ್ಲ ಅಂದ್ಬಿಟ್ಟಿದ್ದಾರೆ."

"ಆಯಾಗೂ ಒಬ್ಬ ವಕೀಲ ಇದ್ದಾನಲ್ಲ? ಹುಡುಕೋದು ಅವನ ಕರ್ಮ."

"ಅವನು ಹುಡುಕಲ್ಲ ಸರ್. ನಾನು ನೋಡಿದೆ ಅವನನ್ನ."

ಅವರು ಪೆನ್ನಿನ ಮುಚ್ಚಳವನ್ನು ತೆಗೆದರು, ಹಾಕಿದರು. "ನೋಡೀಮ್ಮ, ಸಂಘದವರು ಈ ಕೇಂದ್ರ ಮುಚ್ಚಿಸೋಕೆ ನೆಪ ಹುಡುಕ್ತಾ ಇದ್ದಾರೆ. ನೀವೇ ತಟ್ಟೆಯಲ್ಲಿಟ್ಟು ಕೊಡ್ತೀರಾ? ನಾವೇ ಹಾಳೆ ಕಳಿಸಿಲ್ಲ, ನಮ್ಮಿಂದ ಪ್ರಾಸಿಕ್ಯೂಟರು ಕೋರ್ಟಿಗೆ ಸುಳ್ಳು ಹೇಳಿದ್ರು ಅಂತ? ನಾಳೆ ಬೆಳಗ್ಗೆಗೆ ಈ ಬಾಗಿಲಿಗೆ ಬೀಗ. ಇಲ್ಲಿ ಒಂಬತ್ತು ಜನ ಇದ್ದೀವಿ."

"ಮತ್ತೆ ಆ ಹೆಂಗಸು?"

"ಮೇಲ್ಮನವಿ ಅಂತ ಒಂದಿದೆ. ಹಾಕ್ಕೊಳ್ಳಲಿ." ಬಾಗಿಲಿನವರೆಗೂ ಹೋದವಳನ್ನು ಅವರು ಹಿಂದಿನಿಂದ ಕರೆದರು. "ನಿಮ್ಮ ಮೂರು ವರ್ಷದ ಗುತ್ತಿಗೆ ಮುಂದಿನ ತಿಂಗಳು ಮುಗಿಯುತ್ತೆ ಅಲ್ವಾ? ಮುಂದುವರಿಸೋ ಫೈಲು ನನ್ನ ಮೇಜಿನ ಮೇಲೇ ಇದೆ. ಹಾಗೆ, ನೆನಪಿಗಿರಲಿ ಅಂತ."

ಮನೆಯಲ್ಲಿ ಹೇಳಬಾರದೆಂದುಕೊಂಡಿದ್ದಳು. ಆದರೆ ಬುಧವಾರ ಸಂಜೆ ಮಗಳಿಗೆ ಊಟ ಮಾಡಿಸುತ್ತ, ತುತ್ತನ್ನು ಗಾಳಿಯಲ್ಲಿ ಹಿಡಿದುಕೊಂಡು ಎರಡು ನಿಮಿಷ ಹಾಗೇ ಕೂತಿದ್ದಳಂತೆ.

"ಮಗು ಬಾಯಿ ತೆರಕೊಂಡು ಕೂತಿದೆ, ಇವಳು ಯಾವ ಲೋಕದಲ್ಲಿದ್ದಾಳೋ," ಎಂದರು ಅತ್ತೆ, ಯಾರಿಗೂ ಅಲ್ಲವೆಂಬಂತೆ ಗೋಡೆಗೆ.

ಗಂಡ ಕೇಳಿದ, ಅವಳು ಹೇಳಿದಳು. ಅತ್ತೆಗೆ ಪೂರ್ತಿ ಕೇಳುವ ವ್ಯವಧಾನವಿರಲಿಲ್ಲ.

"ಹೆತ್ತ ಮಗೂನ ಯಾರದೋ ಕೈಗೆ ಕೊಟ್ಟು ಹೋಗೋದು, ಕೈ ಮುರೀತು ಅಂತ ಆಮೇಲೆ ಕೋರ್ಟಿಗೆ ಹೋಗೋದು. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ."

"ನಿಮ್ಮ ಕಾಲದಲ್ಲಿ ಮಗೂನ ನೋಡ್ಕೊಳ್ಳೋಕೆ ನಿಮ್ಮತ್ತೆ ಇದ್ರು," ಎಂದಳು ಅವಳು.

"ನನ್ನ ಮಂಡಿ ನೋವು ನಿನಗೆ ನಾಟಕ ಅನ್ನಿಸ್ತಿದ್ಯಾ?"

"ಅಮ್ಮ, ನೀನು ಸುಮ್ನಿರು," ಎಂದ ಗಂಡ. ಆಮೇಲೆ ಅವಳ ಕಡೆ ತಿರುಗಿದ. "ನೀನೂ ಅಷ್ಟೇ. ಆ ವಿಡಿಯೋ ನೋಡ್ಬಿಟ್ಟು ಅವತ್ತು ಮನೆಗೆ ಬಂದು ಏನಂದೆ ನೆನಪಿದೆಯಾ? ಇಂಥವಳನ್ನ ಬಿಡಬಾರದು ಅಂದೆ. ಮಗೂನ ತಬ್ಕೊಂಡು ಅಳ್ತಾ ಕೂತಿದ್ದೆ. ಈಗ ಅವಳಿಗೋಸ್ಕರ ಕೆಲಸ ಕಳ್ಕೊಳ್ತೀನಿ ಅಂತೀಯ."

"ಅವಳಿಗೋಸ್ಕರ ಅಲ್ಲ."

"ಮತ್ತೆ ಯಾರಿಗೋಸ್ಕರ? ನಮ್ಮ ಮಗು ಕೈಯೇ ಮುರಿದಿದ್ರೆ ಹಿಂಗೇ ಮಾತಾಡ್ತಿದ್ಯಾ?"

ಅವಳು ತುತ್ತನ್ನು ಮಗಳ ಬಾಯಿಗಿಟ್ಟಳು. ಅವನು ಹೇಳಿದ್ದು ನಿಜ, ಅದಕ್ಕೇ ಆ ಹೊತ್ತು ಅವನನ್ನು ಸಹಿಸಲಾಗಲಿಲ್ಲ. ಇಂಥವಳನ್ನು ಬಿಡಬಾರದು ಎಂದವಳು ಅವಳೇ. ಹಾಗೆ ಹೇಳಿ ಐದು ದಿನಕ್ಕೆ ಹಳದಿ ಕಟ್ಟನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದವಳೂ ಅವಳೇ.

"ನಿನಗೆ ಯಾವುದನ್ನೂ ಬಿಡೋಕೆ ಬರಲ್ಲ ಕಣೇ," ಎಂದ ಗಂಡ ತಟ್ಟೆ ಎತ್ತಿಕೊಂಡು ಏಳುತ್ತ. "ಆರಿಸಿರೋ ಗ್ಯಾಸನ್ನೇ ಬಿಡಲ್ಲ ನೀನು."

ಗುರುವಾರ ಬೆಳಗ್ಗೆ ಹೊತ್ತಾಗಿತ್ತು. ಮನೆಯ ಮೆಟ್ಟಿಲ ಮೇಲೆ ಮಗಳು ಒಂದು ಚಪ್ಪಲಿ ಕಳಚಿ, ಇನ್ನೊಂದನ್ನು ಕಳಚುತ್ತ, ಹೋಗಲ್ಲ ಹೋಗಲ್ಲ ಎಂದು ಕಂಬಿಗೆ ಜೋತುಬಿದ್ದಿದ್ದಳು. ಕಂಬಿಯಾಚೆ ಒಂದಾಳೆತ್ತರದ ಇಳಿಜಾರು. ಅವಳು ಮೊದಲು ಪುಸಲಾಯಿಸಿದಳು, ಆಮೇಲೆ ಗದರಿದಳು, ಆಮೇಲೆ ತೋಳು ಹಿಡಿದು ಎಳೆದಳು. ಜೋರಾಗಿಯೇ ಎಳೆದಳು. ಮಗು ಒಂದು ಮೆಟ್ಟಿಲು ಜಾರಿ ಮಂಡಿಯೂರಿ ಬೊಬ್ಬೆ ಹಾಕಿತು. ಬೀದಿಯಲ್ಲಿ ಹಾಲು ತರುತ್ತಿದ್ದ ಎದುರುಮನೆಯಾಕೆ ನಿಂತು ನೋಡಿದಳು.

"ಏನ್ ನೋಡ್ತಿದೀರ?" ಎಂದಳು ಅವಳು.

"ಮಗು ಕೈ ಕಿತ್ತು ಬಂದೀತಮ್ಮ, ನಿಧಾನ."

"ನಿಮ್ಮ ಕೆಲಸ ನೋಡ್ಕೊಂಡು ಹೋಗ್ರೀ."

ಆಕೆ ಮೂಗು ಮುರಿದುಕೊಂಡು ಹೋದಳು. ಆಮೇಲೆ ಅಂಗಡಿಯಲ್ಲಿ ಏನೇನು ಹೇಳಿಕೊಂಡು ಬರುತ್ತಾಳೋ. ಮಗುವನ್ನು ಎತ್ತಿಕೊಂಡು, ಕೆಂಪಗಾದ ತೋಳನ್ನು ತಿಕ್ಕುತ್ತ, ಅವಳು ಬಸ್ಸಿನ ಕಡೆ ಓಡಿದಳು. ಕಂಬಿಯಿಂದ ಬೀಳದಿರಲೆಂದು ಎಳೆದೆನೋ, ಹೊತ್ತಾಯಿತೆಂಬ ಸಿಟ್ಟಿಗೆ ಎಳೆದೆನೋ ಎಂದು ಯೋಚಿಸಿದಳು. ಅದೂ ಸರಿಯಾಗಿ ಗೊತ್ತಾಗಲಿಲ್ಲ.

ಅವತ್ತಿಡೀ ಅವಳು ಗುಡುಗು ಸಾಹೇಬರಿಗೆ ಬರೆದಳು, ಅಳಿಸಿದಳು. ಬರೆದದ್ದು ಚೆನ್ನಾಗಿಯೇ ಬಂತು. ಆದರೆ ಅವರು ಇಮೇಲ್ ತೆರೆಯುವವರಲ್ಲ. ಬಂದ ಮೆಸೇಜು ಓದುವವರೂ ಅಲ್ಲ. ಅದು ಗೊತ್ತಿದ್ದೇ ತಾನು ಬರೆಯುತ್ತಿದ್ದೇನೆ, ಕಳಿಸಿದೆ ಎಂದು ಮುಂದೆ ಹೇಳಿಕೊಳ್ಳಲು ಬರೆಯುತ್ತಿದ್ದೇನೆ ಎಂಬುದು ಮಧ್ಯಾಹ್ನದ ಹೊತ್ತಿಗೆ ಅವಳಿಗೇ ತಿಳಿಯಿತು. ಮೂರು ಗಂಟೆಗೆ ಹಳದಿ ಹಾಳೆಯನ್ನು ಮುದ್ರಿಸಿ ಜವಾನರ ಕೈಯಲ್ಲಿ ಕಳಿಸಿದಳು. ನಾಲ್ಕಕ್ಕೆ ಅದು ವಾಪಸ್ಸು ಬಂತು.

"ಸಾಹೇಬ್ರು ಪಕ್ಕದೂರಿನ ಕೋರ್ಟಿಗೆ ಹೋಗಿದ್ದಾರಂತೆ ಮೇಡಂ," ಎಂದರು ಜವಾನರು. "ನಾಳೆ ನೇರವಾಗಿ ಕೋರ್ಟಿಗೇ ಬರೋದಂತೆ. ಟೇಬಲ್ ಮೇಲೆ ಇಡ್ತೀನಿ ಅಂದೆ. ಅವರ ಗುಮಾಸ್ತ, ಕೇಂದ್ರದ್ದಾ, ಮುಗಿದಿರೋ ಕೇಸಿಗೆ ಕಾಗದ ಯಾಕೆ, ತಗೊಂಡ್ಹೋಗು ಅಂತ ನನ್ನ ಮೇಲೇ ರೇಗಿದ. ನಾನೇನು ಮಾಡ್ಲಿ?"

ಇನ್ನು ಉಳಿದದ್ದು ಫೋನು ಒಂದೇ.

ಶುಕ್ರವಾರ ಹತ್ತು ಗಂಟೆ ಐದು ನಿಮಿಷಕ್ಕೆ ಅವಳು ನಾಲ್ಕನೇ ಮಹಡಿಯಿಂದ ಮೇಲಕ್ಕೆ, ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತಿದ್ದಳು. ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಜಾಗ, ಯಾರೂ ಬರುವುದಿಲ್ಲ. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಫೋನು. ಮೊದಲ ವಾಕ್ಯವನ್ನು ಏಳು ಸಲ ಬಾಯಿಪಾಠ ಹೇಳಿಕೊಂಡಿದ್ದಳು. ಒತ್ತಿದಳು. ಎರಡು ಸಲ ರಿಂಗಾಗಿ ಕಟ್ಟಾಯಿತು.

ಇಷ್ಟೇ ಸಾಕು ಎಂದು ಒಳಗಿನಿಂದ ಒಂದು ದನಿ ಹೇಳಿತು. ಮಾಡಿದೆ, ಎತ್ತಲಿಲ್ಲ. ಯಾರು ಕೇಳಿದರೂ ಹೇಳಬಹುದು. ಹಳದಿ ಕಟ್ಟನ್ನು ಬೀರುವಿನಲ್ಲಿ ಇಡುವಾಗಲೂ ಇದೇ ದನಿ ಇತ್ತೋ ಏನೋ.

ಮತ್ತೆ ಒತ್ತಿದಳು.

"ಯಾರ್ರೀ ಅದು, ಒಂದ್ಸಲ ಕಟ್ ಮಾಡಿದ್ರೆ ಗೊತ್ತಾಗಲ್ವಾ?"

"ಸ... ಸಂ..." ಬಾಯಿಪಾಠ ಮಾಡಿದ್ದ ವಾಕ್ಯವನ್ನು ಕೈಬಿಟ್ಟಳು. "ಸಂಶೋಧನಾ ಕೇಂದ್ರ ಸರ್."

"ಓ, ಹಳದಿ ಹಾಳೆ. ಏನು, ತೀರ್ಪು ಕೇಳೋಕೆ ಬರ್ತೀರಾ? ಬನ್ನಿ ಬನ್ನಿ, ಸೋಮವಾರ ನಿಮ್ಮ ಕೇಂದ್ರಾನೂ ಹೊಗಳಿದೀನಿ ಕೋರ್ಟಲ್ಲಿ."

"ಅದೇ ವಿಷಯ ಸರ್. ವಿರುದ್ಧ ತೀರ್ಪು ಒಂದಿದೆ. ನಾನು ಹುಡುಕಿದ್ದೆ. ಹಾ... ಹಾಳೆ ಕಳಿಸಿರಲಿಲ್ಲ."

ಆ ಕಡೆ ಸ್ಕೂಟರುಗಳ ಸದ್ದು, ಯಾರೋ ನಮಸ್ಕಾರ ಸಾರ್ ಎಂದದ್ದು ಕೇಳಿಸಿತು. ಅವರು ಪ್ರತಿ ನಮಸ್ಕಾರ ಹೇಳಲಿಲ್ಲ.

"ಇನ್ನೊಂದ್ಸಲ ಹೇಳಿ."

ಹೇಳಿದಳು. ಮೂವರು ನ್ಯಾಯಾಧೀಶರ ತೀರ್ಪು, ಮಾಲೀಕನೇ ಕತ್ತರಿಸಿ ಕೊಟ್ಟ ವಿಡಿಯೋ, ಮೂಲ ಇಲ್ಲ, ಅದೊಂದರ ಮೇಲೆ ಶಿಕ್ಷೆ ಕೂಡದು. ನಾಲ್ಕು ಕಡೆ ತೊದಲಿದಳು. ಅವರು ಒಂದು ಕಡೆಯೂ ಅಡ್ಡ ಬಾಯಿ ಹಾಕಲಿಲ್ಲ, ಅದು ಗುಡುಗಿಗಿಂತ ಹೆಚ್ಚು ಭಯ ಹುಟ್ಟಿಸಿತು.

"ಹದಿನೈದು ದಿನ ಮಡಿಲಲ್ಲಿಟ್ಟುಕೊಂಡು ಕೂತಿದ್ರಾ ಇದನ್ನ?" ದನಿ ಸಣ್ಣಗಾಗಿತ್ತು. "ನಾನು ಕೋರ್ಟಲ್ಲಿ ಮುಖಭಂಗ ಮಾಡ್ಕೊಳ್ಳಲಿ ಅಂತ ಬೇಕಂತಲೇ ಬಿಟ್ರಾ? ಅವತ್ತು ನಾಲ್ಕು ಜನದ ಮುಂದೆ ನಕ್ಕಿದ್ದಕ್ಕೆ?"

ಮಗಳಿಗೆ ಜ್ವರ ಬಂತು ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಅದು ಸುಳ್ಳೂ ಅಲ್ಲ.

"ಮೊದಲು ಮರೆತೆ ಸರ್. ಆಮೇಲಿನದು ಬೇಕಂತಲೋ ಏನೋ, ನನಗೂ ಗೊತ್ತಿಲ್ಲ. ನಿಮ್ಮ ಮೇಲೆ ಸಿಟ್ಟಿತ್ತು. ಆ ಹೆಂಗಸಿನ ಮೇಲೂ ಇತ್ತು."

"ಚೆನ್ನಾಗಿದೆ. ನಮಗೆ ಪಾಠ ಮಾಡೋರು ನೋಡಿ," ಎಂದರು ಅವರು. "ಈಗ ನಾನು ಎದ್ದು ನಿಂತು, ಸ್ವಾಮಿ, ಸೋಮವಾರ ತಪ್ಪು ಹೇಳಿದೆ ಅನ್ಬೇಕು. ಇಪ್ಪತ್ತಾರು ವರ್ಷದಲ್ಲಿ ಅಂದಿಲ್ಲ ನಾನು ಆ ಮಾತು. ಹೇಳದೇ ಇದ್ರೆ ಏನ್ ಮಾಡ್ತೀರಾ?"

"ಹನ್ನೊಂದಕ್ಕೆ ಮುಂಚೆ ನಾನೇ ಬಂದು ಅದೇ ಕೋರ್ಟಲ್ಲಿ ನಿಂತ್ಕೊಂಡು ಹೇಳ್ತೀನಿ."

"ನೀವು?" ಅವರು ನಕ್ಕರು, ಅದೇ ಶನಿವಾರದ ನಗು. "ನೀವು ಹೇಳಿ ಮುಗಿಸೋ ಹೊತ್ತಿಗೆ ಅವಳ ಶಿಕ್ಷೆ ಮುಗಿದಿರುತ್ತೆ."

"ಆಗಲಿ ಸರ್. ಎಷ್ಟು ಹೊತ್ತಾದ್ರೂ ನಿಂ... ನಿಂತಿರ್ತೀನಿ."

ನಗು ನಿಂತಿತು. ಕಾರಿನ ಬಾಗಿಲು ದಢಾರನೆ ಹಾಕಿದ ಸದ್ದು.

"ಹೇಳ್ತೀನಿ ನಾನು," ಎಂದರು. "ಆದ್ರೆ ನಿಮ್ಮ ಹೆಸರು ಹೇಳೇ ಹೇಳ್ತೀನಿ. ಹಾಳೆ ಬಚ್ಚಿಟ್ಟಿದ್ದು ಯಾರು ಅಂತ ಇಡೀ ಕೋರ್ಟಿಗೆ ಕೇಳಿಸೋ ಹಂಗೆ. ಸಂಜೆಯೊಳಗೆ ನಿಮ್ಮ ನಿರ್ದೇಶಕರ ಮೇಜಿನ ಮೇಲೆ ನನ್ನ ದೂರು ಇರುತ್ತೆ, ಬರ್ದಿಟ್ಕೊಳ್ಳಿ."

"ನೀವು ಬರ್ಕೊಳ್ಳಿ ಸರ್, ಟೈಮಿಲ್ಲ," ಎಂದಳು ಅವಳು. "ಪುಟ ಇನ್ನೂರ ಹದಿನಾಲ್ಕು. ಪ್ಯಾ... ಪ್ಯಾರಾ ಮೂವತ್ತೊಂದು."

"ಇರ್ರೀ, ಪೆನ್ನು ತೆಗೀತಿದೀನಿ," ಎಂದು ಗದರಿದರು ಅವರು. "ನಿಧಾನಕ್ಕೆ ಹೇಳ್ರೀ."